ಮಹಡಿ ಕೋಣೆಯ ಗಾಳಿ

ನನ್ನ ಗಂಡ ಮಾನಪ್ಪ ತೀರಿಕೊಂಡ ವರ್ಷ ನಾನು ಮಹಡಿ ಕೋಣೆಯ ಗಾಳಿ ಬಿಡಲಿಲ್ಲ. ಊರಿನ ಮಿಕ್ಕೆಲ್ಲ ಮನೆಗಳಲ್ಲಿ ಮೊದಲ ಮಂಜು ಬೀಳುವ ಮುನ್ನವೇ ಆ ಕೆಲಸ ಮುಗಿದಿತ್ತು. ನಮ್ಮದು ವರ್ಷದ ಬಹುಪಾಲು ಚಳಿಯಲ್ಲೇ ಕಳೆಯುವ ಊರು. ಪ್ರತಿ ಮನೆಯ ನೆಲಮಾಳಿಗೆಯಲ್ಲೂ ಒಂದು ಬಾಯ್ಲರ್ ಉರಿಯುತ್ತದೆ. ಅದರ ಬಿಸಿನೀರು ಕೊಳವೆಗಳಲ್ಲಿ ಹತ್ತಿ, ಕೋಣೆ ಕೋಣೆಯ ಗೋಡೆಗೆ ಕೂರಿಸಿದ ಕಬ್ಬಿಣದ ರೇಡಿಯೇಟರಿನೊಳಗೆ ಸುತ್ತಾಡಿ, ತನ್ನ ಕಾವನ್ನು ಅಲ್ಲಿ ಬಿಟ್ಟು ಮತ್ತೆ ಕೆಳಗಿಳಿಯುತ್ತದೆ. ನೀರಿನ ಜೊತೆ ಗಾಳಿಯೂ ಸೇರಿಕೊಂಡು ಬರುತ್ತದೆ. ಬಂದದ್ದು ರೇಡಿಯೇಟರಿನ ನೆತ್ತಿಯಲ್ಲಿ ಕೂತುಬಿಡುತ್ತದೆ. ಕೆಳಗೆ ಕೈಯಿಟ್ಟರೆ ಸುಡುತ್ತದೆ, ಮೇಲೆ ಇಟ್ಟರೆ ಬಾವಿಕಟ್ಟೆಯ ಕಲ್ಲಿನಂತೆ ತಣ್ಣಗೆ. ಆಗ ನೆತ್ತಿಯ ಪಕ್ಕದ ಸಣ್ಣ ತಿರುಪನ್ನು ಚಾವಿಯಿಂದ ಚೂರು ಸಡಿಲಿಸಿ, ಬುಸ್ಸೆಂದು ಗಾಳಿ ಹೋಗಿ ನೀರು ಬರುವ ತನಕ ಕಾದು, ಮತ್ತೆ ಬಿಗಿ ಮಾಡಬೇಕು. ಇಷ್ಟೇ ಕೆಲಸ. ಆದರೆ ಆ ಗಾಳಿ ಬಾಯಿಮುಚ್ಚಿಕೊಂಡು ಹೋಗುವುದಿಲ್ಲ. ಆ ಕೋಣೆಯಲ್ಲಿ ಆಡಿದ ಮಾತುಗಳಲ್ಲಿ ಒಂದಷ್ಟನ್ನು, ಆಡಿದವರ ದನಿಯಲ್ಲೇ, ಆಡುತ್ತಾ ಹೋಗುತ್ತದೆ. ಒಂದೇ ಸಲ. ಆಮೇಲೆ ಆ ಮಾತು ಎಲ್ಲಿಯೂ ಇಲ್ಲ.

ಹಾಗಾಗಿ ನಮ್ಮಲ್ಲಿ ಗಾಳಿ ಬಿಡುವುದು ಮನೆಯವರು ಬಾಗಿಲು ಹಾಕಿಕೊಂಡು ಮಾಡುವ ಕೆಲಸ. ಬೀದಿಯಲ್ಲಿ ಹೋಗುವವರ ಕಿವಿಗೆ ಆ ಸದ್ದು ಬಿದ್ದರೆ ಜೋರಾಗಿ ಕೆಮ್ಮಿ ಬೇಗ ಬೇಗ ಹೆಜ್ಜೆ ಹಾಕುತ್ತಾರೆ. ಹೆಣ್ಣು ಕೊಡುವ ತರುವ ಮಾತು, ಪಾಲಿನ ಮಾತು, ಜಗಳ, ಎಲ್ಲವೂ ಅಂಗಳದಲ್ಲಿ, ಮೂಗಿನ ತುದಿ ಮರಗಟ್ಟುವ ಚಳಿಯಲ್ಲಿ ನಿಂತೇ ಆಗಬೇಕು. ಸೊಸೆಯ ಮೇಲೆ ನಂಬಿಕೆ ಕುದುರಿದ ದಿನ ಅತ್ತೆ ಅವಳ ಕೈಗೆ ಚಾವಿ ಕೊಡುತ್ತಾಳೆ. ಕೊಡದೆಯೇ ಕಣ್ಣು ಮುಚ್ಚಿದ ಅತ್ತೆಯರೂ ಇದ್ದಾರೆ. ನಮ್ಮತ್ತೆ ನಾಗವ್ವ ನನಗೆ ಕೊಟ್ಟಿರಲಿಲ್ಲ. ಅಣ್ಣತಮ್ಮಂದಿರು ಬೇರೆಯಾಗಿ ಮನೆಯ ನಡುವೆ ಗೋಡೆ ಎದ್ದಾಗ ಇನ್ನೊಂದು ಚಾವಿ ಮಾಡಿಸಲೇಬೇಕಾಯಿತು. ನನಗೆ ಅದು ದಕ್ಕಿದ್ದು ಹಾಗೆ.

ಗೋಡೆಯ ಆ ಕಡೆ ನನ್ನ ಮೈದುನ ಕಲ್ಲಪ್ಪ, ಅವನ ಹೆಂಡತಿ ಕಸ್ತೂರಿ, ಅವರ ಮಹಡಿಯಲ್ಲಿ ಅತ್ತೆ. ಈ ಕಡೆ ನಾನು ಮತ್ತು ಮಾನಪ್ಪ. ನಮಗೆ ಮಕ್ಕಳಿರಲಿಲ್ಲ. ಮನೆ ಎರಡಾದರೂ ಬಾಯ್ಲರ್ ಎರಡಾಗಲಿಲ್ಲ. ಕಲ್ಲಪ್ಪನ ನೆಲಮಾಳಿಗೆಯಿಂದ ಹೊರಟ ನೀರು ನಮ್ಮ ಅಡುಗೆಮನೆಗೆ ಬಂದು, ನಮ್ಮ ಮಹಡಿ ಹತ್ತಿ, ಗೋಡೆ ತೂರಿ ಅತ್ತೆಯ ಕೋಣೆಗೆ ಹೋಗಿ, ಅಲ್ಲಿಂದ ಕೆಳಗಿಳಿಯುತ್ತಿತ್ತು.

ಮಾನಪ್ಪ ಉಣ್ಣೆ ನೂಲಿಗೆ ಬಣ್ಣ ಹಾಕುತ್ತಿದ್ದ. ನಾನು ಆ ನೂಲಿನಲ್ಲಿ ಸ್ವೆಟರು, ಮಕ್ಕಳ ಕುಲಾವಿ ಹೆಣೆಯುತ್ತಿದ್ದೆ. ಅವನ ಕೊನೆಯ ಚಳಿಗಾಲವಿಡೀ ನಾವಿಬ್ಬರೂ ಮಹಡಿ ಕೋಣೆಯಲ್ಲೇ ಕಳೆದೆವು. ಅವನು ನೂಲಿನ ಲಡಿಯನ್ನು ಎರಡೂ ಕೈಗೆ ಹಾಕಿಕೊಂಡು ಕೂತರೆ ನಾನು ಉಂಡೆ ಸುತ್ತುತ್ತಿದ್ದೆ. ಚಳಿ ಇಳಿಯುವ ಹೊತ್ತಿಗೆ ಜ್ವರ ಬಂತು, ಜ್ವರದಲ್ಲೇ ಹೋದ. ಆ ಚಳಿಗಾಲದ ಅವನ ಮಾತೆಲ್ಲ ಆ ರೇಡಿಯೇಟರಿನ ನೆತ್ತಿಯಲ್ಲಿದೆ ಎಂದು ನನಗೆ ಗೊತ್ತಿತ್ತು. ಕೇಳಿಬಿಟ್ಟರೆ ಮುಗಿದೇಹೋಯಿತು. ಕೇಳದೆ ಇಟ್ಟುಕೊಂಡರೆ ಇರುತ್ತದೆ. ನಾನು ಇಟ್ಟುಕೊಂಡೆ.

ಆ ರೇಡಿಯೇಟರಿನ ಎರಕದಲ್ಲಿ ಒಂದು ಬಳ್ಳಿಯ ಚಿತ್ರವಿತ್ತು. ಮೇಲೆ ಎಲೆ, ಅದರ ಕೆಳಗೆ ಹೂವು, ಬುಡದಲ್ಲಿ ಬೇರು. ಮೇಲಿನಿಂದ ಅಂಗೈ ಆಡಿಸಿಕೊಂಡು ಬಂದರೆ ಹೂವಿನ ತನಕ ತಣ್ಣಗಿತ್ತು. ಹೂವು ದಾಟಿದರೆ ಬಿಸಿ. ದಿನಾ ದೀಪ ಹಚ್ಚುವ ಹೊತ್ತಿಗೆ ಹಾಗೆ ಮುಟ್ಟಿ ನೋಡುವುದು ನನಗೆ ರೂಢಿಯಾಯಿತು. ಕೋಣೆ ಅರೆಬರೆ ಬೆಚ್ಚಗಾಗುತ್ತಿತ್ತು. ಕಂಬಳಿ ಹೊದ್ದು ಅದರ ಪಕ್ಕದಲ್ಲೇ ಹೆಣಿಗೆ ಹಿಡಿದು ಕೂರುತ್ತಿದ್ದೆ. ಒಂಟಿ ಹೆಂಗಸಿಗೆ ಬರುವ ಅಭ್ಯಾಸ ನನಗೂ ಬಂದಿತ್ತು. ಒಳಗೆ ಇದ್ದದ್ದು ಬಾಯಿಗೆ ಬರುತ್ತಿತ್ತು, ಕೇಳುವವರು ಯಾರೂ ಇಲ್ಲವಲ್ಲ ಎಂದು ಆಡಿಕೊಳ್ಳುತ್ತಿದ್ದೆ.

ಮಂಜು ಬಿದ್ದ ಕೆಲವು ದಿನಕ್ಕೆ ಕಲ್ಲಪ್ಪ ಬಂದ. ಹೊಸ್ತಿಲಾಚೆಯೇ ನಿಂತು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. “ವೈನಿ, ನಿಮ್ಮ ಮ್ಯಾಲಿನ ಕೋಣ್ಯಾಗ ಗಾಳಿ ಕುಂತೈತಿ ಅನಸ್ತೈತಿ. ನೀರು ಮುಂದ ದಾಟವಲ್ದು. ಅವ್ವನ ಕೋಣಿ ಬೆಚ್ಚಗಾಗವಲ್ದು,” ಎಂದ. ನಾನು ಬಿಟ್ಟಾಗಿದೆ ಎಂದು ಸುಳ್ಳು ಹೇಳಿದೆ. ಮತ್ತೆ ಬಂದು ಕೂತರೆ ನಾನೇನು ಮಾಡಲಿ ಎಂದೆ. ಅವನು ತಾನೇ ಒಮ್ಮೆ ನೋಡಲೇ ಎಂದು ಕೇಳಿದ. ಬೇಡ ಎಂದೆ. ಅವನು ಹೋದ ಮೇಲೆ ಯೋಚನೆ ಹತ್ತಿಕೊಂಡಿತು. ಅವ್ವನಿಗೆ ಚಳಿಯಾದರೆ ಇನ್ನೆರಡು ಕಂಬಳಿ ಹೊದಿಸಬಹುದು, ಕೋಣೆ ಬದಲಿಸಬಹುದು. ನನ್ನ ಕೋಣೆಯ ತಿರುಪಿನ ಮೇಲೆಯೇ ಇವನಿಗೆ ಯಾಕೆ ಕಣ್ಣು? ಪಾಲಾಗುವಾಗ ನೂಲಿಗೆ ಬಣ್ಣ ಹಾಕುವ ಹಿತ್ತಲು ಅಣ್ಣನಿಗೆ ಹೋಯಿತೆಂದು ಇವನಿಗೆ ಒಳಗೊಳಗೇ ಉರಿ ಇತ್ತು. ಅಣ್ಣ ಕೊನೆಗಾಲದಲ್ಲಿ ಹಿತ್ತಲಿನ ವಿಷಯ ಏನಾದರೂ ಆಡಿದ್ದರೆ ಅದನ್ನು ಕೇಳಿಸಿಕೊಳ್ಳುವ ಹಂಚಿಕೆಯೇ ಇದು ಎಂದು ನನಗೆ ಖಾತ್ರಿಯಾಯಿತು.

ಅದಾಗಿ ಬಹಳ ದಿನ ಹೋಗಲಿಲ್ಲ. ಒಂದು ಸಂಜೆ ಅಂಗೈ ಆಡಿಸಿದಾಗ ಹೂವಿನ ಮೇಲೆ ಕೈ ಚುರ್ರೆಂದಿತು. ಹೂವು ಬಿಸಿಯಾಗಿತ್ತು. ತಂಪು ಎಲೆಯ ತೊಟ್ಟಿನ ತನಕ ಮಾತ್ರ ಉಳಿದಿತ್ತು. ಬಾಯ್ಲರಿಗೆ ಸೌದೆ ಹೆಚ್ಚು ಹಾಕಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಮರುದಿನವೂ ಹಾಗೇ ಇತ್ತು. ಅದರ ಮರುದಿನ ತೊಟ್ಟೂ ಬೆಚ್ಚಗಾಯಿತು. ಯಾರೋ ತೆಗೆಯುತ್ತಿದ್ದಾರೆ. ನಾನು ನೂಲಿನ ಅಂಗಡಿಗೆ ಹೋದ ಹೊತ್ತು ನೋಡಿ ಒಳಗೆ ಬಂದು, ಚೂರು ಚೂರೇ ಬಿಟ್ಟುಕೊಂಡು, ನನ್ನ ಗಂಡನ ಮಾತು ಕೇಳಿ ಹೋಗುತ್ತಿದ್ದಾರೆ. ನಾನು ಒಮ್ಮೆಯೂ ಕೇಳದ ಮಾತು.

ಬೀಗ ಬದಲಿಸಿದೆ. ಅಷ್ಟಕ್ಕೆ ನೆಮ್ಮದಿ ಬರಲಿಲ್ಲ. ಒಂದು ಎಳೆ ನೀಲಿ ನೂಲನ್ನು ತಿರುಪಿನ ಸುತ್ತ ಸುತ್ತಿ, ನನಗೆ ಮಾತ್ರ ಗೊತ್ತಿರುವ ಗಂಟು ಹಾಕಿದೆ. ತಿರುಪು ಕದಲಿದರೆ ನೂಲು ಹರಿಯಲೇಬೇಕು. ಅಂಗಡಿಗೆ ಹೋದವಳು ಅರ್ಧ ದಾರಿಯಲ್ಲೇ ತಿರುಗಿ ಬಂದು ಮೆಟ್ಟಿಲ ಬುಡದಲ್ಲಿ ಉಸಿರು ಬಿಗಿಹಿಡಿದು ನಿಂತೆ. ಯಾರೂ ಇರಲಿಲ್ಲ. ನೂಲು ಹಾಕಿದ ಹಾಗೇ ಇತ್ತು. ಆದರೆ ತಂಪು ಇನ್ನಷ್ಟು ಮೇಲೆ ಸರಿದಿತ್ತು. ಗಂಟು ಬಿಚ್ಚಿ ಹಾಗೆಯೇ ಮತ್ತೆ ಹಾಕಬಲ್ಲವರು ಯಾರು? ಹೆಣಿಗೆ ಬಲ್ಲವರು. ಕಸ್ತೂರಿಗೆ ಹೆಣಿಗೆ ಕಲಿಸಿದವಳು ನಾನೇ. ಅವಳು ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಬೆನ್ನಿಗೇ ಅಂಟಿಕೊಂಡಿರುತ್ತಿದ್ದಳು.

ಆ ಕಡೆಗೆ ಕಣ್ಣು ಹೊರಳಿಸಿದ ಮೇಲೆ ಕಂಡದ್ದೆಲ್ಲ ಅದಕ್ಕೆ ಹೊಂದುತ್ತಲೇ ಹೋಯಿತು. ಅಮಾವಾಸ್ಯೆಗೆ ಕಡಬು ಮಾಡಿದರೆ ಅಂಗಳದ ಗಿಡ್ಡ ಗೋಡೆಯ ಮೇಲಿನಿಂದ ತಟ್ಟೆ ಚಾಚುತ್ತಿದ್ದವಳು ಈಗ ಚಾಚುತ್ತಿರಲಿಲ್ಲ. ನೀರಿನ ನಲ್ಲಿಯ ಹತ್ತಿರ ನನ್ನನ್ನು ಕಂಡರೆ ಕೊಡ ಅರ್ಧಕ್ಕೇ ಎತ್ತಿಕೊಂಡು ಹೋಗುತ್ತಿದ್ದಳು. ಮುಖ ಇಳಿದುಹೋಗಿತ್ತು, ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಕದ್ದವರ ಮುಖ ಹೀಗೇ ಇರುತ್ತದೆ ಎಂದುಕೊಂಡೆ. ಕಲ್ಲಪ್ಪನೂ ಅಷ್ಟೇ, ಯಾರೋ ಹೊಡೆದು ಹೊರಗೆ ಹಾಕಿದ ನಾಯಿಯ ಹಾಗೆ ಅಂಗಳದಲ್ಲಿ ಓಡಾಡುತ್ತಿದ್ದ. ಗಂಡ ಹೆಂಡತಿ ಇಬ್ಬರೂ ಇದರಲ್ಲಿ ಸೇರಿದ್ದಾರೆ, ಕದ್ದದ್ದು ಈಗ ದಕ್ಕುತ್ತಿಲ್ಲ, ಅದಕ್ಕೇ ಹೀಗೆ. ಅತ್ತೆಯ ಕೆಮ್ಮು ಗೋಡೆಯಾಚೆಯಿಂದ ಕೇಳುತ್ತಿತ್ತು. ಅದನ್ನೂ ನನ್ನನ್ನು ಕರಗಿಸಲೆಂದೇ ಕೆಮ್ಮುತ್ತಿದ್ದಾಳೆ ಎಂದು ನಂಬುವ ಮಟ್ಟಕ್ಕೆ ನಾನು ಬಂದಿದ್ದೆ.

ಒಂದು ಮಧ್ಯಾಹ್ನ ಹೆಣಿಗೆ ಹಿಡಿದು ಕೂತಿದ್ದಾಗ ಗೋಡೆಯ ಆ ಕಡೆ ಬುಸ್ಸೆಂಬ ಸದ್ದಾಯಿತು. ಅತ್ತೆಯ ಕೋಣೆಯಲ್ಲಿ ಯಾರೋ ಗಾಳಿ ಬಿಡುತ್ತಿದ್ದರು. ಕೆಮ್ಮಿ ಎದ್ದು ಹೋಗಬೇಕಾದವಳು ನಾನು ಗೋಡೆಗೆ ಕಿವಿಯೊತ್ತಿ ನಿಂತೆ. ಗಂಡಸಿನ ದನಿ ಇದ್ದ ಹಾಗಿತ್ತು. ಮಾತು ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಕೆಳಗೆ ನೆಲಮಾಳಿಗೆಯಲ್ಲಿ ಬಾಯ್ಲರಿಗೆ ಹೊಸ ನೀರು ತುಂಬುವ ಸದ್ದು ಕೊಳವೆಯಲ್ಲಿ ಹರಿದು ಬಂತು. ನನ್ನ ರೇಡಿಯೇಟರು ಗುಳುಗುಳು ಎಂದಿತು. ಕೈಯಿಟ್ಟು ನೋಡಿದೆ. ಎಲೆಯ ಅಂಚೊಂದನ್ನು ಬಿಟ್ಟು ಉಳಿದದ್ದೆಲ್ಲ ಬೆಚ್ಚಗಾಗುತ್ತಿತ್ತು, ನನ್ನ ಅಂಗೈ ಕೆಳಗೇ.

ಆಗ ತಿಳಿಯಿತು. ನನ್ನ ತಿರುಪನ್ನು ಯಾರೂ ಮುಟ್ಟಿರಲಿಲ್ಲ. ಅವರು ಆ ಕಡೆ ಗಾಳಿ ಬಿಟ್ಟು ಈ ಕಡೆಯಿಂದ ನೀರು ದೂಡುತ್ತಿದ್ದರು. ನನ್ನ ಕೋಣೆಯ ಗಾಳಿ ಗೋಡೆ ದಾಟಿ ಅಲ್ಲಿಗೆ ಹೋಗುತ್ತಿತ್ತು. ಕನ್ನ ಹಾಕಿದ್ದು ಬಾಗಿಲಿಗಲ್ಲ, ಕೊಳವೆಗೆ.

ಅವರ ಮನೆಗೆ ಹೋಗಲು ನಾನು ಮೆಟ್ಟಿಲಿಳಿಯುವಷ್ಟರಲ್ಲಿ ಕಸ್ತೂರಿಯೇ ನಮ್ಮ ಬಾಗಿಲಲ್ಲಿ ನಿಂತಿದ್ದಳು. ಮುಷ್ಟಿಯಲ್ಲಿ ಚಾವಿ ಇತ್ತು. “ಅಂಗಳಕ್ಕ ಬರ್ರಿ,” ಎಂದಳು. ಎಂದಿನಂತೆ ಅಕ್ಕ ಎನ್ನಲಿಲ್ಲ. ಹೋದೆ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಎದುರುಬದುರು ನಿಂತೆವು. ಅವಳು ಬಾಯಿ ತೆರೆಯುವ ಮೊದಲು ನಾನೇ ಅಂದೆ, “ಕದ್ದಾಕಿ ನೀನ ಅಂತ ನನಗ ಗೊತ್ತೈತಿ.”

“ನಾ ಕದ್ದೆನ?” ಎಂದು ಅವಳು ಒಂದು ಹೆಜ್ಜೆ ಮುಂದೆ ಬಂದಳು. “ಕದ್ದವರು ನೀವು. ಅಣ್ಣ ಹೋಗಿ ವರ್ಷ ತುಂಬಿಲ್ಲ. ನನ್ನ ಗಂಡ ನಿಮ್ಮ ಕೋಣ್ಯಾಗ ಬಂದು ಕುಂಡ್ರೂದು ನನಗ ತಿಳಿಯೂದಿಲ್ಲ ಅಂದ್ಕೊಂಡೀರಿ? ನಿಮ್ಮ ಗಾಳಿ ನಮ್ಮ ಕಡಿ ಬರತೈತಿ. ನಾ ಎಲ್ಲಾ ಕೇಳೀನಿ.”

ನನಗೆ ತಲೆ ಬುಡ ತಿಳಿಯಲಿಲ್ಲ. ಅವಳು ಒಂದೊಂದಾಗಿ ಹೇಳತೊಡಗಿದಳು. ಬಾಗಿಲು ಹಾಕು ತುಂಗಾ, ಅಂದಿದ್ದಾನೆ. ನನ್ನ ಹೆಸರು ಹಿಡಿದು ತುಂಗಾ ಎಂದಿದ್ದಾನೆ, ವೈನಿ ಎಂದಿಲ್ಲ. ಕೈ ಇಲ್ಲಿ ಕೊಡು, ಮಂಜಿನ ಹಾಗೆ ಆಗಿದೆ, ಅಂದಿದ್ದಾನೆ. ನೀನು ಕೂತಲ್ಲೇ ಕೂತಿರು, ಚಹಾ ನಾನು ಕಾಸುತ್ತೇನೆ, ಅಂದಿದ್ದಾನೆ. ತನಗೆ ಮದುವೆಯಾದಾಗಿನಿಂದ ಒಂದು ದಿನ ಅವನು ಚಹಾ ಕಾಸಿಕೊಟ್ಟವನಲ್ಲ ಎಂದು ಹೇಳುವಾಗ ಅವಳ ಕಣ್ಣಲ್ಲಿ ನೀರು ಬಂತು. ಕಲ್ಲಪ್ಪನನ್ನು ಕೇಳಿದರೆ ಆಣೆ ಇಡುತ್ತಾನಂತೆ. ಅವನನ್ನು ಅಡುಗೆಮನೆಯಲ್ಲಿ ಮಲಗಲು ಹಚ್ಚಿದ್ದಳಂತೆ. ನಾಳೆ ತಾನು ತವರಿಗೆ ಹೊರಡುವವಳು, ಹೋಗುವ ಮುಂಚೆ ನನ್ನ ಮುಖಕ್ಕೇ ಹೇಳಿ ಹೋಗಬೇಕೆಂದು ಬಂದಿದ್ದಳು.

ನಾನು ಒಗೆಯುವ ಕಲ್ಲಿನ ಮೇಲೆ ಕೂತೆ. ಅಣ್ಣತಮ್ಮಂದಿರ ದನಿ ಎಷ್ಟು ಒಂದೇ ಥರ ಇತ್ತೆಂದರೆ ಕತ್ತಲಲ್ಲಿ ಕೂಗಿದರೆ ಬೀದಿಯವರು ಯಾರೆಂದು ಕೇಳಿಯೇ ಓಗೊಡುತ್ತಿದ್ದರು. ಆ ಚಹಾದ ದಿನ ನನಗೆ ನೆನಪಿತ್ತು. ನನ್ನ ಕಾಲು ಉಳುಕಿತ್ತು. ಮಾನಪ್ಪ ಚಹಾ ಕಾಸಿ ತಂದ, ಸಕ್ಕರೆ ಮರೆತಿದ್ದ. ಅದನ್ನು ಈ ಹುಡುಗಿ ಬೈಗುಳದ ಹಾಗೆ ನನ್ನ ಮುಖಕ್ಕೆ ಎಸೆದಿದ್ದಳು, ನನಗೆ ಅದು ಎಸೆದಂತೆ ಅನ್ನಿಸಲಿಲ್ಲ.

“ಮತ್ತೇನಂದ?” ಎಂದೆ.

ಅವಳು ನಾನು ಅಣಕಿಸುತ್ತಿದ್ದೇನೆ ಎಂದುಕೊಂಡು ಹೊರಟಳು. ನಾನು ಅವಳ ಕೈ ಹಿಡಿದುಕೊಂಡೆ. “ಕಸ್ತೂರಿ, ಅಂವ ಕಲ್ಲಪ್ಪ ಅಲ್ಲ. ನಾ ಸುಳ್ಳು ಹೇಳಿದ್ದೆ. ಈ ವರ್ಷ ಆ ಕೋಣಿ ಗಾಳಿ ಬಿಟ್ಟಿಲ್ಲ.”

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದಾಗ ಕೈಯಲ್ಲಿದ್ದ ಚಾವಿಯನ್ನೇ ನೋಡುತ್ತಾ ನಿಂತಳು, ಅದು ಏನೋ ಕಚ್ಚುವ ಹುಳ ಎಂಬಂತೆ. ಆಮೇಲೆ ನನ್ನ ಪಕ್ಕ ಕಲ್ಲಿನ ಮೇಲೆ ಕೂತು, ನೆನಪಿದ್ದದ್ದನ್ನೆಲ್ಲ ಹೇಳಿದಳು. ಹೇಳಿದ್ದನ್ನೇ ಮತ್ತೆ ಹೇಳಿಸಿದೆ. ನೂಲಿನ ಮಾತು, ಬೆಕ್ಕನ್ನು ಓಡಿಸಿದ ಮಾತು, ಬೆನ್ನು ತುರಿಸು ಎಂದ ಮಾತು. ಎಲ್ಲ ಸವೆದ ಮಾತುಗಳೇ. ಕೊನೆಗೆ ಅವಳು, ಒಂದು ಮಾತ್ರ ತನಗೆ ಆಗಲೂ ತಿಳಿದಿರಲಿಲ್ಲ, ಈಗಲೂ ತಿಳಿಯುತ್ತಿಲ್ಲ ಎಂದಳು. “‘ತುಂಗಾಗ ಹೇಳಬ್ಯಾಡಬೇ’ ಅಂದಾರ. ಎರಡು ಸಲ ಅಂದಾರ.”

ಇಷ್ಟು ಹೊತ್ತು ಬೆಚ್ಚಗಾಗಿದ್ದ ನನ್ನ ಜೀವ ಮತ್ತೆ ಥಣ್ಣಗಾಯಿತು. ನನ್ನ ಕೋಣೆಯಲ್ಲಿ ಕೂತು, ನಾನಿಲ್ಲದಾಗ, ನನಗೆ ಹೇಳಬೇಡ ಎಂದು ಯಾರಿಗೋ ಹೇಳಿದ್ದಾನೆ. ಇಷ್ಟು ದಿನ ಬದುಕಿರುವವರ ಮೇಲೆಲ್ಲ ಅನುಮಾನಪಟ್ಟವಳಿಗೆ ಈಗ ಸತ್ತವನೂ ಉಳಿಯಲಿಲ್ಲ. ಆದರೆ ಆ ಕೊನೆಯ ‘ಬೇ’ ನನ್ನ ಕಿವಿಯಲ್ಲಿ ಕೂತಿತು. ನಮ್ಮ ಕಡೆ ಮಗ ಹಾಗೆ ಕರೆಯುವುದು ಹೆತ್ತವಳನ್ನು. ಮಾನಪ್ಪ ಬೇರೆ ಯಾರಿಗೂ ಹಾಗೆ ಅಂದದ್ದು ನಾನು ಕೇಳಿರಲಿಲ್ಲ.

ಇಬ್ಬರೂ ಅತ್ತೆಯ ಕೋಣೆಗೆ ಹತ್ತಿದೆವು. ಅತ್ತೆ ಗೋಡೆಗೆ ಒರಗಿ, ಕಂಬಳಿಯನ್ನು ಗದ್ದದ ತನಕ ಎಳೆದುಕೊಂಡು ಕೂತಿದ್ದಳು. ತುಟಿ ನೀಲಿಯಾಗಿತ್ತು. ನಾನು ಆ ಕೋಣೆಗೆ ಬಂದು ಬಹಳ ದಿನವಾಗಿತ್ತು. ಅಲ್ಲಿ ಬಿಟ್ಟ ಉಸಿರು ಕಣ್ಣಿಗೆ ಕಾಣುತ್ತಿತ್ತು. ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿದವಳೇ ಅತ್ತೆ ಮುಖ ಕಿಟಕಿಯ ಕಡೆ ತಿರುಗಿಸಿದಳು. ಆಗಲೇ ನನಗೆ ಅರ್ಧ ತಿಳಿಯಿತು.

ಕಸ್ತೂರಿಗೂ ತಿಳಿಯಿತು. ಮೊದಲ ಸಲ ಗಾಳಿ ಬಿಟ್ಟದ್ದು ನಿಜವಾಗಿಯೂ ಚಳಿಗಾಗಿ ಎಂದು ಅವಳು ಮೆಟ್ಟಿಲ ಮೇಲೆ ಹೇಳಿದ್ದಳು. ಆಮೇಲಿನದೆಲ್ಲ ಅತ್ತೆ ದಿನ ಬಿಟ್ಟು ದಿನ ಕರೆದು, ಚಳಿ ತಡೆಯಲಾಗುತ್ತಿಲ್ಲ, ಇನ್ನೊಮ್ಮೆ ಬಿಡು, ನೀರು ತುಂಬು, ಇನ್ನೊಮ್ಮೆ ಬಿಡು ಎಂದು ಮಾಡಿಸಿದ್ದು.

“ಅತ್ತಿ, ಅದು ಯಾರ ದನಿ ಅಂತ ನಿಮಗ ಗೊತ್ತಿತ್ತೇನು?” ಎಂದು ಕೇಳಿದಳು.

“ಹೆತ್ತಾಕಿಗೆ ಗೊತ್ತಾಗೂದಿಲ್ಲೇನು?” ಎಂದಳು ಅತ್ತೆ, ಕಿಟಕಿಯನ್ನೇ ನೋಡುತ್ತಾ.

“ನಾ ಅಳೂದು ನೋಡಿದ್ರಿ. ಆತನ್ನ ಅಡಗಿಮನ್ಯಾಗ ಮಲಗಿಸಿದ್ದು ನೋಡಿದ್ರಿ.”

“ನೋಡೀನಿ. ಹೇಳಿದ್ರ ನೀ ಗಾಳಿ ಬಿಡತಿದ್ದಿಲ್ಲ. ಅಕ್ಕನ ಗಾಳಿ ಅಂತ ಚಾವಿ ಮುಟ್ಟತಿದ್ದಿಲ್ಲ.” ಅತ್ತೆ ಈಗ ನನ್ನ ಕಡೆ ತಿರುಗಿದಳು. “ಈಕಿ ಒಬ್ಬಾಕಿನ ಅಂವನ ಮಾತೆಲ್ಲ ಇಟ್ಕೊಂಡು ಕುಂತಿದ್ದಳು. ಅಂವ ನನಗೇನೂ ಆಗಬೇಕಾಗಿದ್ದಿಲ್ಲೇನು?”

ನನಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ, ಆದರೆ ಆ ನೀಲಿ ತುಟಿ ನೋಡುತ್ತಾ ಅದನ್ನು ಆಡಲಾಗಲಿಲ್ಲ. ಕೇಳಬೇಕಾದ್ದನ್ನು ಕೇಳಿದೆ. ನನಗೆ ಏನು ಹೇಳಬೇಡ ಎಂದಿದ್ದ?

ಅತ್ತೆ ಹೇಳಿದಳು. ಕೊನೆಯ ಎರಡು ವರ್ಷ ಮಾನಪ್ಪನ ಕಣ್ಣಿಗೆ ಬಣ್ಣ ಕಾಣುತ್ತಿರಲಿಲ್ಲವಂತೆ. ಕೆಂಪು ಯಾವುದು ಹಸಿರು ಯಾವುದು ಎರಡೂ ಒಂದೇ ಬೂದಿ. ಬಣ್ಣ ಹಾಕುವವನಿಗೆ ಬಣ್ಣ ಕಾಣುವುದಿಲ್ಲ ಎಂದರೆ ಯಾರು ನೂಲು ಕೊಡುತ್ತಾರೆ? ಅದಕ್ಕೇ ಅವಳು ದಿನಾ ಹಿತ್ತಲಿಗೆ ಬಂದು ಒಲೆಯ ಹತ್ತಿರ ಕೂತು, ಇದು ಕೆಂಪು, ಇನ್ನೂ ಸ್ವಲ್ಪ ಬೇಯಲಿ, ಅದು ಅರಿಶಿನ, ತೆಗೆ, ಎಂದು ಹೇಳಿಕೊಡುತ್ತಿದ್ದಳು. ನಾನು ಆ ದಿನಗಳಲ್ಲಿ ಕಿಟಕಿಯಿಂದ ನೋಡುತ್ತಿದ್ದೆ. ತಾಯಿ ಮಗ ತಲೆಗೆ ತಲೆ ಹಚ್ಚಿ ಪಿಸುಗುಡುತ್ತಿದ್ದರು. ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ನನ್ನ ಮೇಲೆ ಚಾಡಿ ಹೇಳಲೆಂದೇ ಮುದುಕಿ ಬರುತ್ತಾಳೆ ಎಂದು ನಂಬಿ, ಎರಡು ವರ್ಷ ಅವಳಿಗೆ ಕೂರಲು ಒಂದು ಮಣೆಯನ್ನೂ ಕೊಟ್ಟಿರಲಿಲ್ಲ.

“ನನಗ ಯಾಕ ಹೇಳಬಾರದಿತ್ತು?” ಎಂದೆ.

“ನಿನ್ನ ಸೀರಿ ಬಣ್ಣ ದಿನಾ ಹೊಗಳತಿದ್ದನಲ್ಲ,” ಎಂದಳು ಅತ್ತೆ. “ಮುಂಜಾನಿ ನನ್ನ ಕೇಳಿ ಹೋಗಿ ಹೊಗಳತಿದ್ದ.”

ಆ ಸಂಜೆ ಕಲ್ಲಪ್ಪ ಬಂದ ಮೇಲೆ ಕಸ್ತೂರಿ ಅವನನ್ನು ಅಂಗಳಕ್ಕೆ ಕರೆದುಕೊಂಡು ಹೋದಳು. ಅವರು ಏನು ಮಾತಾಡಿಕೊಂಡರೋ ನಾನು ಕೇಳಲು ಹೋಗಲಿಲ್ಲ. ಬೆಳಗ್ಗೆ ಅವನು ಬಾಯ್ಲರ್ ಆರಿಸಿದ. ನೀರು ತಣ್ಣಗಾಗಲು ಬಿಟ್ಟ. ಬಿಸಿಯಾಗಿ ಸುತ್ತುತ್ತಿದ್ದರೆ ಗಾಳಿ ಒಂದು ಕಡೆ ನಿಲ್ಲುವುದಿಲ್ಲ, ಕೈಯೂ ಸುಡುತ್ತದೆ. ಆಮೇಲೆ ಅವ್ವನನ್ನು ಬೆನ್ನ ಮೇಲೆ ಹೊತ್ತುಕೊಂಡು ಬೀದಿ ಸುತ್ತಿ ನಮ್ಮ ಬಾಗಿಲಿಗೆ ಬಂದ. ಉಳಿದ ಗಾಳಿಯನ್ನು ನಾಲ್ವರೂ ಕೂತು ಕೇಳುವುದು ಎಂದು ನಾನೇ ಹೇಳಿ ಕಳಿಸಿದ್ದೆ. ದೊಡ್ಡ ಮನಸ್ಸಿನಿಂದ ಹೇಳಿದೆ ಎಂದರೆ ಸುಳ್ಳಾದೀತು. ನಾನು ಹಾಗೇ ಇಟ್ಟುಕೊಂಡಿದ್ದರೆ ಅತ್ತೆ ಆ ಚಳಿಯಲ್ಲಿ ಉಳಿಯುತ್ತಿರಲಿಲ್ಲ, ಅದು ಕಣ್ಣಿಗೆ ಕಾಣುತ್ತಿತ್ತು. ಇನ್ನೊಂದು, ಅವಳು ಕೇಳಿ ನಾನು ಕೇಳದ್ದು ಇನ್ನು ಒಂದು ಮಾತೂ ಇರಬಾರದು ಎಂಬ ಹಟವೂ ಇತ್ತು.

ಅತ್ತೆಯನ್ನು ಮಾನಪ್ಪ ಕೂರುತ್ತಿದ್ದ ಕುರ್ಚಿಯಲ್ಲಿ ಕೂರಿಸಿದೆವು. ಕಸ್ತೂರಿ ತಿರುಪಿನ ಕೆಳಗೆ ಬಟ್ಟೆ ಹಾಸಿ ಬೋಗುಣಿ ಹಿಡಿದಳು. ನಾನು ನೀಲಿ ನೂಲು ಹರಿದು ಚಾವಿ ಹಾಕಿದೆ. ತಿರುಗಿಸಲು ಕೈ ಬರಲಿಲ್ಲ. ಕಲ್ಲಪ್ಪ, ಎಡಕ್ಕೆ ಚೂರು ಸಾಕು ವೈನಿ, ಎಂದು ಮೆಲ್ಲಗೆ ಹೇಳಿದ. ತಿರುಗಿಸಿದೆ.

ಬುಸ್ಸೆಂದಿತು. ಮೊದಲು ಬಂದದ್ದು ಅವನ ಸೀನು. ಮಾನಪ್ಪ ಸೀನಿದರೆ ಸೀನಿನ ಹಿಂದೆಯೇ ಶಿವಾ ಎನ್ನುತ್ತಿದ್ದ. ಶಿವಾ ಎಂದ. ಅತ್ತೆ ಎರಡೂ ಕೈ ಎದೆಗೆ ಒತ್ತಿಕೊಂಡಳು. ಆಮೇಲೆ, ಯಾವ ಲಡಿಯದೋ ಏನೋ, ಇದು ಸಿಕ್ಕಾಗೈತಿ, ಎಂದ. ನಾವು ನಾಲ್ವರೂ ಉಸಿರು ಬಿಡದೆ ಮುಂದೆ ಬಾಗಿದೆವು.

ಮುಂದೆ ಬಂದ ದನಿ ಹೆಂಗಸಿನದು. “ಬೆಣ್ಣಿ ಹಚ್ಚಿ ಮಾತಾಡತಾನ, ಒಳಗೇನೈತೋ,” ಎಂದಿತು. ನನಗೆ ಒಂದು ಕ್ಷಣ ಅದು ಯಾರ ದನಿ ಎಂದು ಹೊಳೆಯಲಿಲ್ಲ. ತನ್ನ ದನಿ ತನಗೆ ಬೇಗ ಗುರುತು ಹತ್ತುವುದಿಲ್ಲ. “ಹಿತ್ತಲ ಮ್ಯಾಲ ಕಣ್ಣು. ತಮ್ಮಂತ, ತಮ್ಮ.” ಕಲ್ಲಪ್ಪ ನೆಲ ನೋಡಿದ. ಆ ವರ್ಷವಿಡೀ ಆ ಕೋಣೆಯಲ್ಲಿ ಮಾತಾಡಿದವಳು ನಾನೊಬ್ಬಳೇ. ಅವನ ಮಾತು ಆ ಕಡೆ ಹೋದ ಮೇಲೆ ಉಳಿದ ಗಾಳಿಯಲ್ಲೆಲ್ಲ ನನ್ನ ಮಾತೇ ತುಂಬಿಕೊಂಡಿತ್ತು. “ಕಸ್ತೂರಿನ ಕಳ್ಳಿ. ನಾ ಕಲಿಸಿದ ಗಂಟು ನನಗ ಹಾಕ್ಯಾಳ.” ನಾನು ತಿರುಪು ಬಿಗಿ ಮಾಡಲು ಹೋದೆ. ಚಾವಿ ಜಾರಿತು. “ಕೆಮ್ಮು, ಕೆಮ್ಮು. ನನಗ ಚಾವಿ ಕೊಡದಾಕಿ ನೀ, ಚಳಿಯಾಗ ಸಾಯಿ.”

ಆ ಮಾತು ನಾನು ಆಡಿದ್ದೆನೆಂದು ನನಗೆ ನೆನಪೇ ಇರಲಿಲ್ಲ. ಆದರೆ ಆಡಿದ್ದೆ. ಚಾವಿಯನ್ನು ಮತ್ತೆ ಹಾಕಿ ಬಿಗಿ ಮಾಡಲು ನೋಡಿದಾಗ ಕಸ್ತೂರಿ ಬೋಗುಣಿಯನ್ನು ಒಂದು ಕೈಗೆ ಬದಲಿಸಿ, ಇನ್ನೊಂದು ಕೈಯಿಂದ ನನ್ನ ಮಣಿಕಟ್ಟು ಹಿಡಿದಳು.

“ಮುಚ್ಚಬ್ಯಾಡ ಅಕ್ಕಾ. ನೀರು ಬರೂತನಕ ಹೋಗಲಿ,” ಎಂದಳು.

ಹೋಯಿತು. ಇನ್ನೂ ಸಾಕಷ್ಟಿತ್ತು. ಎಲ್ಲವನ್ನೂ ಇಲ್ಲಿ ಹೇಳುವುದಿಲ್ಲ. ನನ್ನ ಬಾಯಿಂದ ಬಂದದ್ದನ್ನು ನನ್ನ ಎದುರಿಗೇ ಮೂರು ಜನ ಕೇಳಿದರು, ಯಾರೂ ಎದ್ದು ಹೋಗಲಿಲ್ಲ. ಕೊನೆಗೆ ದನಿ ಮುಕ್ಕಳಿಸಿದ ಹಾಗಾಗಿ, ಪಿಚಕ್ ಪಿಚಕ್ ಎಂದು ಕಪ್ಪು ನೀರು ಉಗುಳಿ, ಆಮೇಲೆ ಒಂದೇ ಧಾರೆಯಾಗಿ ತಿಳಿನೀರು ಬಂತು. ಕಲ್ಲಪ್ಪ ತಾನೇ ಮುಂದೆ ಬಂದು ತಿರುಪು ಬಿಗಿ ಮಾಡಿದ. ಕೆಳಗೆ ಹೋಗಿ ಬಾಯ್ಲರ್ ಹಚ್ಚಿ ಬರುತ್ತೇನೆ ಎಂದು ಹೊರಟವನು ಬಾಗಿಲ ಹತ್ತಿರ ನಿಂತು, ಹಿತ್ತಲಿನ ಮೇಲೆ ತನಗೆ ಕಣ್ಣು ಇದ್ದದ್ದು ಸುಳ್ಳಲ್ಲ ಎಂದು ಹೇಳಿ ಹೋದ. ಕಸ್ತೂರಿಗೆ ನಗು ಬಂತು. ಅತ್ತೆ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಬಯ್ಯುತ್ತಾಳೆ ಎಂದುಕೊಂಡೆ. ಚಹಾ ಕಾಸು, ಸಕ್ಕರೆ ಜಾಸ್ತಿ ಹಾಕು, ಎಂದಳು.

ಅಂದು ಮಧ್ಯಾಹ್ನದ ಹೊತ್ತಿಗೆ ಎರಡೂ ಮಹಡಿಗಳು ಬೆಚ್ಚಗಾದವು. ಅತ್ತೆಯ ಕೆಮ್ಮು ಮೆಲ್ಲನೆ ಇಳಿಯಿತು. ಆದರೆ ಮೂರನೆಯ ದಿನವೋ ನಾಲ್ಕನೆಯ ದಿನವೋ ಕಸ್ತೂರಿ ಗೋಡೆಯ ಮೇಲಿನಿಂದ ಕರೆದು, ಅತ್ತೆಗೆ ಮತ್ತೆ ಚಳಿಯಂತೆ ಅಕ್ಕ, ರೇಡಿಯೇಟರ್ ಮುಟ್ಟಿದರೆ ಸುಡುತ್ತದೆ, ಆದರೂ ಚಳಿಯಂತೆ, ಎಂದಳು. ನಾನು ಹೆಣಿಗೆ ತೆಗೆದುಕೊಂಡು ಹೋಗಿ ಅತ್ತೆಯ ಮಂಚದ ಪಕ್ಕ ಕೂತೆ. ನಾನು, ಒಮ್ಮೆ ಅವನು ಸಕ್ಕರೆ ಮರೆತ ಚಹಾ ಕುಡಿದು ಚೆನ್ನಾಗಿದೆ ಎಂದದ್ದನ್ನು ಹೇಳಿದೆ. ಅತ್ತೆ ಕಣ್ಣು ಮುಚ್ಚಿ ಕೇಳಿದಳು. ಮತ್ತೇನಂದ ಎಂದಳು.

ಆವತ್ತಿನಿಂದ ಮಧ್ಯಾಹ್ನಗಳು ಹಾಗೇ ಹೋಗುತ್ತಿವೆ. ನನಗೆ ನೆನಪಿದ್ದದ್ದೆಲ್ಲ ಬೇಗ ಖರ್ಚಾಯಿತು. ಆಮೇಲೆ ಅವನು ಆಡಿರಬಹುದಾದ್ದನ್ನು ಹೇಳತೊಡಗಿದೆ, ಕ್ರಮೇಣ ಆಡಲಾರದ್ದನ್ನೂ ಸೇರಿಸಿದೆ. ಅತ್ತೆ ಯಾವುದಕ್ಕೂ ಹಾಗಲ್ಲ ಎನ್ನುವುದಿಲ್ಲ. ಅವಳೂ ಹಿತ್ತಲಿನ ಒಲೆಯ ಹತ್ತಿರ ಮಗ ಹೇಳಿದ್ದನ್ನು ನನಗೆ ಹೇಳುತ್ತಾಳೆ. ನಿನ್ನೆ, ಬಣ್ಣದಲ್ಲಿ ನೂಲು ತಿರುವುತ್ತಾ ಒಂದು ದಿನ ಅವನು, ನಾ ಹೋದ ಮ್ಯಾಲ ಚಾವಿ ತುಂಗಾನ ಕೈಯಾಗ ಇರಲಿ, ಅಂದಿದ್ದ ಎಂದಳು. ನನಗೆ ನಂಬಿಕೆ ಬರಲಿಲ್ಲ. ಮಾನಪ್ಪ ತಾನು ಹೋಗುವ ಮಾತನ್ನು ಎಂದೂ ಆಡಿದವನಲ್ಲ. ಅವಳ ಮುಖವನ್ನೇ ನೋಡಿದೆ. ಅವಳೂ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಹೆಣಿಗೆಯ ಕಡೆ ಕಣ್ಣಿಳಿಸಿ, ಹೌದು ಅತ್ತಿ, ಅಂದಿರಬೇಕು, ಎಂದೆ.